ಹಿಂಸೆಯ ಮಾತಿಗೆ ಹಿಂಸೆ ಬೆರೆಸದೆ ಉತ್ತರ ಕೊಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಮೈಕ್ ಹಿಡಿದಿದ್ದ ವ್ಯಕ್ತಿ ಒಂದು ಸಮುದಾಯದ ಹೆಸರು ಹೇಳಿ, ಇವರನ್ನು ಹುಳುಗಳ ಹಾಗೆ ಹೊಸಕಿ ಹಾಕಬೇಕು ಅಂದ. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ಗೆಳೆಯ ಅದೇ ಸಮುದಾಯದವನು. ಅವನು ಏನೂ ಹೇಳಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು, ಇಷ್ಟೇ ಮಾಡುತ್ತಿದ್ದ. ಒಂದು ಗುಟುಕು ನೀರೂ ಕುಡಿಯಲಿಲ್ಲ.

ಮನೆಗೆ ಬಂದವನೇ ಮೊಬೈಲ್ ತೆಗೆದು ಬರೆದೆ: "ಇಂಥವನ ನಾಲಿಗೆ ಕಿತ್ತು ಹಾಕಬೇಕು." ಲೈಕುಗಳು ಬಿದ್ದವು. ಕೆಳಗೆ ಪರಿಚಯವೇ ಇಲ್ಲದ ಒಬ್ಬ, "ದಿನ ಹೇಳಿ, ನಾನೂ ಬರ್ತೀನಿ" ಅಂತ ಬರೆದಿದ್ದ. ಅದನ್ನು ಓದಿ ಗಾಬರಿಯಾಯಿತು. ಅವನು ನಿಜವಾಗಿಯೂ ಬರುವವನಂತೆ ಬರೆದಿದ್ದ, ಅವನನ್ನು ಕರೆದವನು ನಾನೇ.

ಮರುದಿನ ಗೆಳೆಯ ಫೋನ್ ಮಾಡಿದ. "ನನ್ನ ಪರವಾಗಿ ಬರೆದೆ ಅಂತ ಗೊತ್ತು ಕಣೋ. ಆದರೆ ನಿನ್ನೆ ರಾತ್ರಿ ಎಲ್ಲರೂ ಅವನ ಬಗ್ಗೆನೇ ಮಾತಾಡ್ತಿದ್ರು. ನನ್ನ ಹತ್ರ ಒಬ್ಬರೂ ಮಾತಾಡಲಿಲ್ಲ" ಅಂದ.

ಈ ಬರಹ ಹುಟ್ಟಿದ್ದು ಆ ಫೋನಿನಿಂದ. ಅಲ್ಲಿಂದ ಇಲ್ಲಿಯವರೆಗೆ ಓದಿದ್ದು, ನಾಲ್ಕು ಜನ ಸೇರಿ ಮಾಡಿ ನೋಡಿದ್ದು, ತಪ್ಪಿ ಕಲಿತದ್ದು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಇಟ್ಟಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಅಹಿಂಸೆ ಅಂದರೆ ಹಲ್ಲು ಕಚ್ಚಿಕೊಂಡು ಸುಮ್ನೆ ಕೂರುವುದಲ್ಲ. ಅದು ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅನ್ನುವುದರ ಪಟ್ಟಿ. ಸುಮ್ನೆ ಇದ್ದರೆ ಆ ಮೈಕಿನ ಮಾತೇ ಕೊನೆಯ ಮಾತಾಗುತ್ತದೆ, ಅಲ್ವಾ?

ಹೆಜ್ಜೆ 1: ಕೇಳಿದ ಮಾತು ಎಂಥದ್ದು ಅಂತ ನೋಡಿ

ಒರಟು ಮಾತೆಲ್ಲ ಹಿಂಸೆಯ ಮಾತಲ್ಲ. ಒಬ್ಬ ರಾಜಕಾರಣಿಯನ್ನು ಕಳ್ಳ ಅನ್ನುವುದು, ಒಂದು ನಂಬಿಕೆಯನ್ನು ಟೀಕಿಸುವುದು, ಕೆಟ್ಟ ಜೋಕು ಹೇಳುವುದು, ಇವು ನಮಗೆ ನೋವು ಕೊಡಬಹುದು. ಆದರೆ ಇವನ್ನೂ "ಅವರ ಮನೆಗೆ ನುಗ್ಗಿ" ಅನ್ನುವ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ನಿಜವಾದ ಅಪಾಯ ಬಂದ ದಿನ ನಮ್ಮ ಕೂಗಿಗೆ ಬೆಲೆ ಇರುವುದಿಲ್ಲ.

ಅಮೆರಿಕದ ಸೂಸನ್ ಬೆನೆಶ್ ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಒಂದು ಮಾತು ಅಪಾಯಕಾರಿಯೋ ಅಲ್ಲವೋ ಅಂತ ತಿಳಿಯಲು ಐದು ವಿಷಯ ನೋಡಿ ಅನ್ನುತ್ತಾರೆ: ಹೇಳಿದವರು ಯಾರು, ಕೇಳುತ್ತಿರುವವರು ಯಾರು, ಹೇಳಿದ್ದು ಏನು, ಯಾವ ಸಂದರ್ಭದಲ್ಲಿ, ಯಾವ ಮಾಧ್ಯಮದ ಮೂಲಕ. ಹಿಂಬಾಲಕರೇ ಇಲ್ಲದವನು ಬರೆದ ಸಾಲು ಬೇರೆ, ಜನ ನಂಬುವ ನಾಯಕ ಗಲಭೆಯ ಹಿಂದಿನ ದಿನ ಹೇಳಿದ ಅದೇ ಸಾಲು ಬೇರೆ. ದ್ವೇಷಕ್ಕೆ ಕೆರಳಿಸುವ ಮಾತನ್ನು ಗುರುತಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 2012ರಲ್ಲಿ ರೂಪುಗೊಂಡ ರಬಾತ್ ಕಾರ್ಯಯೋಜನೆಯಲ್ಲೂ ಇಂಥದ್ದೇ ಆರು ಪ್ರಶ್ನೆಗಳಿವೆ. ಅದರಲ್ಲಿ ಹೇಳಿದವರ ಉದ್ದೇಶ ಮತ್ತು ಹಾನಿ ನಡೆಯುವ ಸಾಧ್ಯತೆಯೂ ಸೇರಿವೆ.

ಎರಡು ಗುರುತುಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಒಂದು, ಮನುಷ್ಯರನ್ನು ಹುಳು, ಇಲಿ, ರೋಗ, ಕಸ ಅಂತ ಕರೆಯುವುದು. ಇನ್ನೊಂದು ಇದಕ್ಕಿಂತ ಸೂಕ್ಷ್ಮ: "ಅವರೇ ನಮ್ಮನ್ನು ಮುಗಿಸಲು ಸಜ್ಜಾಗುತ್ತಿದ್ದಾರೆ, ನಾವು ಮೊದಲು ಕೈ ಮಾಡದಿದ್ದರೆ ಉಳಿಯುವುದಿಲ್ಲ" ಅನ್ನುವುದು. ಈ ಎರಡನೆಯದು ಜಾಸ್ತಿ ಅಪಾಯಕಾರಿ ಅಂತ ನನ್ನ ಅನಿಸಿಕೆ. ಯಾಕೆಂದರೆ ಅದು ಕೊಲೆಯನ್ನು ಆತ್ಮರಕ್ಷಣೆಯ ಹಾಗೆ ತೋರಿಸುತ್ತದೆ, ಒಳ್ಳೆಯ ಜನರೂ ಅದಕ್ಕೆ ತಲೆಯಾಡಿಸುತ್ತಾರೆ.

ಆಫ್ರಿಕಾದ ರುವಾಂಡ ದೇಶದಲ್ಲಿ ಎರಡೂ ನಡೆದವು. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ರೇಡಿಯೊ, ಹಾಡು ಹರಟೆಯ ನಡುವೆ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಜಿರಲೆಗಳು ಎಂದು ಕರೆಯುತ್ತಾ ಹೋಯಿತು. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. ಆಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ಕಟ್ಟಿದವರನ್ನು ವಿಚಾರಣೆ ಮಾಡಿ, 2003ರಲ್ಲಿ ಅಪರಾಧಿಗಳೆಂದು ತೀರ್ಪು ಕೊಟ್ಟಿತು. ಮಾತು ತಾನೇ, ಬಿಡಿ ಅನ್ನುವವರಿಗೆ ಈ ಉದಾಹರಣೆ ಕೊಡಿ.

ಹೆಜ್ಜೆ 2: ತಣ್ಣಗಿರುವ ದಿನವೇ ಬರೆದು ಸಹಿ ಹಾಕಿ

ಇದೇ ಮುಖ್ಯ ಹೆಜ್ಜೆ. ಸಿಟ್ಟು ಬಂದಾಗ ತೀರ್ಮಾನ ಮಾಡುತ್ತೇನೆ ಅಂದರೆ ತೀರ್ಮಾನ ಮಾಡುವುದು ಸಿಟ್ಟೇ. ಅದಕ್ಕೇ ಏನೂ ನಡೆಯದ ಒಂದು ದಿನ, ಹೊಟ್ಟೆ ತುಂಬಿರುವಾಗ, ನಿದ್ದೆ ಆಗಿರುವಾಗ ಕೂತು ಬರೆಯಬೇಕು.

1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಾಂಗ ಭೇದದ ವಿರುದ್ಧ ಬೀದಿಗಿಳಿಯುವವರಿಗೆ ಒಂದು ಕಾರ್ಡ್ ಕೊಡುತ್ತಿದ್ದರು. ಅದರಲ್ಲಿ ಹತ್ತು ಅಂಶಗಳಿದ್ದವು. ಒಂದು ಅಂಶ, ಮುಷ್ಟಿಯ ಹಿಂಸೆ, ನಾಲಿಗೆಯ ಹಿಂಸೆ, ಹೃದಯದ ಹಿಂಸೆ ಮೂರರಿಂದಲೂ ದೂರ ಇರುತ್ತೇನೆ ಅನ್ನುವುದು. ಕೆಳಗೆ ಸಹಿ, ವಿಳಾಸ, ಹತ್ತಿರದ ಸಂಬಂಧಿಕರ ವಿವರ. ಅಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ಪ್ರಮಾಣಪತ್ರ ಆಗುತ್ತಿತ್ತು, ಅಷ್ಟೇ. ಆದರೆ ಅದರಲ್ಲಿ ಇನ್ನೊಂದು ಭಾಗ ಇತ್ತು: ಮೆರವಣಿಗೆ ಬಿಟ್ಟು ಬೇರೆ ಏನು ಮಾಡಬಲ್ಲಿರಿ? ಕಾರು ಓಡಿಸುವುದು, ಅಡುಗೆ ಮಾಡುವುದು, ಫೋನ್ ಎತ್ತುವುದು, ಟೈಪ್ ಮಾಡುವುದು, ಕರಪತ್ರ ಹಂಚುವುದು, ಯಾವುದಕ್ಕೆ ಬರುತ್ತೀರಿ ಅಂತ ಗುರುತು ಹಾಕಬೇಕಿತ್ತು. ಕಾರ್ಡಿನ ಜೀವ ಈ ಭಾಗದಲ್ಲಿದೆ ಅಂತ ನನಗನಿಸುತ್ತದೆ. ಕೈಗೆ ಕೆಲಸ ಇದ್ದರೆ ಕೈ ಕಲ್ಲು ಹುಡುಕುವುದಿಲ್ಲ.

ನೀವೂ ಎರಡು ಭಾಗದಲ್ಲೇ ಬರೆಯಿರಿ. ನನ್ನ ಚೀಟಿಯಲ್ಲಿ ಇರುವುದು ಇದು:

ಯಾರನ್ನೂ ಹೊಡೆಯುವುದಿಲ್ಲ, ತಳ್ಳುವುದಿಲ್ಲ, ಯಾರ ವಸ್ತುವನ್ನೂ ಮುರಿಯುವುದಿಲ್ಲ.
ಯಾರಿಗೂ ಸಾವು, ನೋವು ಬರಲಿ ಅಂತ ಹೇಳುವುದಿಲ್ಲ, ಬರೆಯುವುದಿಲ್ಲ. ಬೇರೆಯವರು ಬರೆದದ್ದಕ್ಕೆ ಲೈಕ್ ಒತ್ತುವುದಿಲ್ಲ.
ಮನುಷ್ಯರನ್ನು ಪ್ರಾಣಿ, ಹುಳು, ರೋಗದ ಹೆಸರಿನಿಂದ ಕರೆಯುವುದಿಲ್ಲ.
ಯಾರ ಮನೆ ವಿಳಾಸವನ್ನೂ, ಫೋನ್ ನಂಬರನ್ನೂ, ಮಕ್ಕಳ ಫೋಟೊವನ್ನೂ ಹಂಚುವುದಿಲ್ಲ.
ಅಂಥ ಮಾತು ಕೇಳಿದ ದಿನವೇ, ಅದಕ್ಕೆ ಗುರಿಯಾದ ಒಬ್ಬರಿಗಾದರೂ ಫೋನ್ ಮಾಡುತ್ತೇನೆ.
ಎರಡು ದಿನದೊಳಗೆ ಒಂದು ದೂರು ಅಥವಾ ಒಂದು ಉತ್ತರ ಬರೆಯುತ್ತೇನೆ. ಕಳಿಸುವ ಮುಂಚೆ ಒಬ್ಬರಿಗೆ ತೋರಿಸುತ್ತೇನೆ.
ತಪ್ಪಿದರೆ, ತಪ್ಪಿದ ಜಾಗದಲ್ಲೇ ಒಪ್ಪಿಕೊಳ್ಳುತ್ತೇನೆ.

"ಅಹಿಂಸೆಯನ್ನು ಪಾಲಿಸುತ್ತೇನೆ" ಅಂತ ಒಂದೇ ಸಾಲು ಬರೆದರೆ ಸಾಲದು. ಅದು ಎಲ್ಲರೂ ಒಪ್ಪುವ ಮಾತು, ಸಮಯ ಬಂದಾಗ ಏನೂ ಹೇಳಿಕೊಡದ ಮಾತು. ನಿಮ್ಮ ದುರ್ಬಲ ಜಾಗ ಯಾವುದೋ ಅದನ್ನು ಹೆಸರು ಹಿಡಿದು ಬರೆಯಿರಿ. ನನ್ನದು ಕೈಯಲ್ಲ, ಬೆರಳು. ಲೈಕ್ ಒತ್ತುವ ಬೆರಳು. ಆಮೇಲೆ ಆ ಚೀಟಿಯನ್ನು ಒಬ್ಬರಿಗೆ ಕೊಡಿ. ನೀವು ತಪ್ಪಿದಾಗ ಮುಲಾಜಿಲ್ಲದೆ "ಏನಿದು?" ಅಂತ ಕೇಳುವವರಿಗೆ.

ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಸಹಿ ಹಾಕುತ್ತೇನೆ ಅಂತ ಕಾಯಬೇಡಿ. 1956ರ ಜನವರಿ 30ರ ರಾತ್ರಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಜಗುಲಿಯ ಮೇಲೆ ಬಾಂಬ್ ಸಿಡಿಯಿತು. ಒಳಗೆ ಹೆಂಡತಿ, ಇನ್ನೂ ಮೂರು ತಿಂಗಳು ತುಂಬದ ಮಗಳು ಇದ್ದರು. ಇಬ್ಬರೂ ಬದುಕಿದರು. ಮನೆ ಮುಂದೆ ಜನ ಸೇರಿದರು, ಕೆಲವರ ಕೈಯಲ್ಲಿ ಆಯುಧ ಇತ್ತು. ಕಿಂಗ್ ಅದೇ ಜಗುಲಿಯ ಮೇಲೆ ನಿಂತು, ಆಯುಧ ತಂದಿದ್ದರೆ ಮನೆಗೆ ತೆಗೆದುಕೊಂಡು ಹೋಗಿ ಅಂತ ಕೇಳಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಏನೆಂದರೆ, ಆ ದಿನಗಳಲ್ಲಿ ಅವರ ಮನೆಯಲ್ಲೇ ಬಂದೂಕು ಇತ್ತು, ಪಿಸ್ತೂಲಿನ ಪರವಾನಗಿಗೂ ಅವರು ಅರ್ಜಿ ಹಾಕಿದ್ದರು, ಸಿಗಲಿಲ್ಲ. ಆಮೇಲೆ ಯೋಚಿಸಿ, ಮನೆಯಲ್ಲಿ ಆಯುಧವೇ ಬೇಡ ಎಂದು ತೀರ್ಮಾನಿಸಿದರು. ಅವರೂ ಒಂದೇ ದಿನದಲ್ಲಿ ಅಲ್ಲಿಗೆ ತಲುಪಲಿಲ್ಲ.

ಹೆಜ್ಜೆ 3: ಬೈಸಿಕೊಂಡು ಅಭ್ಯಾಸ ಮಾಡಿ

ಕೇಳುವಾಗ ವಿಚಿತ್ರ ಅನಿಸಬಹುದು. ಆದರೆ ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು.

ನ್ಯಾಶ್‌ವಿಲ್ ನಗರದಲ್ಲಿ 1959ರಲ್ಲಿ ಅಮೆರಿಕದ ಅಹಿಂಸೆಯ ಹೋರಾಟಗಾರ ಜೇಮ್ಸ್ ಲಾಸನ್ ಕಾಲೇಜು ಹುಡುಗ ಹುಡುಗಿಯರಿಗೆ ಇಂಥ ತರಬೇತಿ ಕೊಡುತ್ತಿದ್ದರು. ಕೆಲವರು ಕುರ್ಚಿಯಲ್ಲಿ ಕೂರಬೇಕು. ಉಳಿದವರು ಸುತ್ತ ನಿಂತು ಕೆಟ್ಟ ಕೆಟ್ಟದಾಗಿ ಬೈಯಬೇಕು, ಮುಖಕ್ಕೆ ಹೊಗೆ ಬಿಡಬೇಕು, ಕುರ್ಚಿ ಎಳೆಯಬೇಕು. ಕೂತವರು ತಿರುಗಿ ಬೈಯುವಂತಿಲ್ಲ, ಕೈ ಎತ್ತುವಂತಿಲ್ಲ. 1960ರ ಫೆಬ್ರವರಿಯಲ್ಲಿ ಅದೇ ಮಕ್ಕಳು ಕರಿಯರಿಗೆ ಊಟ ಕೊಡದ ಅಂಗಡಿಗಳಲ್ಲಿ ಹೋಗಿ ಕೂತರು. ಅವರ ಕೈಯಲ್ಲಿದ್ದ ನಿಯಮಗಳು ತುಂಬ ಸರಳ: ಬೈದರೂ ತಿರುಗಿ ಬೈಯಬೇಡಿ, ಹೊಡೆಯಬೇಡಿ, ನೇರವಾಗಿ ಕೂರಿ, ಎಲ್ಲರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಿ, ಏನಾದರೂ ಗಂಭೀರವಾದದ್ದು ನಡೆದರೆ ನಿಮ್ಮ ನಾಯಕರಿಗೆ ತಿಳಿಸಿ.

ನಾವು ಮಾಡಿದ್ದು ಇದರ ಚಿಕ್ಕ ರೂಪ. ಆರೇಳು ಜನ ಸಾಕು. ಇಬ್ಬರು ಕೂರುತ್ತಾರೆ, ಇಬ್ಬರು ಮೂರು ನಿಮಿಷ ಬೈಯುತ್ತಾರೆ, ಉಳಿದವರು ನೋಡುತ್ತಾರೆ. ಗಡಿಯಾರ ಇರಲಿ. "ಸಾಕು" ಅಂದ ಕೂಡಲೇ ನಿಲ್ಲಿಸಬೇಕು ಅನ್ನುವುದು ಮೊದಲೇ ಗೊತ್ತಿರಲಿ. ನಿಜ ಜೀವನದಲ್ಲಿ ಆ ಬೈಗುಳ ತಿಂದವರನ್ನು ಕುರ್ಚಿಯಲ್ಲಿ ಕೂರಿಸಿ ಅದೇ ಬೈಗುಳವನ್ನು ಮತ್ತೆ ಕೇಳಿಸಬೇಡಿ, ಅವರೇ ಬೇಕು ಅಂದರೆ ಮಾತ್ರ. ಮುಗಿದ ಮೇಲೆ ಮಾತಾಡಿ: ಯಾವ ಪದಕ್ಕೆ ಮೈ ಬಿಸಿಯಾಯಿತು? ಕೈ ಎಲ್ಲಿ ಹೋಯಿತು? ನನಗೆ ಜಾತಿ ಧರ್ಮದ ಬೈಗುಳ ತಡೆದುಕೊಳ್ಳಲು ಆಯಿತು, ಅವರ ನಗು ತಡೆದುಕೊಳ್ಳಲು ಆಗಲಿಲ್ಲ. ಎದುರಿನವರು ಕೇಕೆ ಹಾಕಿ ನಕ್ಕಾಗ ಎದ್ದು ನಿಂತುಬಿಟ್ಟೆ. ಅದು ಗೊತ್ತಾದದ್ದು ಅಭ್ಯಾಸದಲ್ಲಿ, ಬೀದಿಯಲ್ಲಲ್ಲ, ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಬೈಯುವ ಪಾತ್ರವನ್ನೂ ಒಮ್ಮೆ ಮಾಡಿ. ಬಾಯಿಂದ ಆ ಮಾತು ಎಷ್ಟು ಸುಲಭವಾಗಿ ಬರುತ್ತದೆ ಅಂತ ತಿಳಿದರೆ, ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರನ್ನು ರಾಕ್ಷಸರು ಅಂತ ನೋಡುವುದು ನಿಲ್ಲುತ್ತದೆ.

ಹೆಜ್ಜೆ 4: ಮಾತು ಕಿವಿಗೆ ಬಿದ್ದ ಮೊದಲ ಹತ್ತು ನಿಮಿಷ

ಮೊದಲು ನೀವು ಎಲ್ಲಿದ್ದೀರಿ ನೋಡಿ. ಸುತ್ತ ಜನ ಕೆರಳಿದ್ದಾರೆ, ನಿಮ್ಮ ಜೊತೆ ಗುರಿಯಾದವರು ಇದ್ದಾರೆ ಅಂದರೆ ಅವರನ್ನು ಕರೆದುಕೊಂಡು ಹೊರಗೆ ಬನ್ನಿ. ವಾದ ಆಮೇಲೆ. ಓಡಿಹೋದರು ಅಂತ ಯಾರಾದರೂ ಅಂದರೆ ಅನ್ನಲಿ.

ಫೋನಿನಲ್ಲಿ ನೋಡಿದ್ದಾದರೆ ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಜೇಬಿನಲ್ಲಿ ಅಲ್ಲ, ಬೇರೆ ಕೋಣೆಯಲ್ಲಿ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ, ಹತ್ತು ಸಲ. ನಡೆಯಿರಿ, ಪಾತ್ರೆ ತೊಳೆಯಿರಿ. ಬರೆಯಲೇಬೇಕು ಅನಿಸಿದರೆ ಕಾಗದದ ಮೇಲೆ ಬರೆಯಿರಿ, ಬಾಯಿಗೆ ಬಂದದ್ದೆಲ್ಲ ಬರೆಯಿರಿ, ಆಮೇಲೆ ಹರಿದು ಹಾಕಿ. ಸಿಟ್ಟು ಬರುವುದು ತಪ್ಪಲ್ಲ. ಅನ್ಯಾಯ ನೋಡಿ ಸಿಟ್ಟು ಬರದಿದ್ದರೆ ಅದೇ ಚಿಂತೆಯ ವಿಷಯ.

ಹೆಜ್ಜೆ 5: ಮೊದಲ ಫೋನ್ ಗುರಿಯಾದವರಿಗೆ

ನನ್ನ ಗೆಳೆಯ ಕಲಿಸಿದ ಪಾಠ ಇದು. ಮಾತಾಡಿದವನಿಗೆ ಉತ್ತರ ಕೊಡುವ ಮುಂಚೆ, ಆ ಮಾತು ಯಾರ ಮೇಲೆ ಬಿತ್ತೋ ಅವರ ಹತ್ತಿರ ಹೋಗಿ. ಹಿಂಸೆಯ ಮಾತಿಗೆ ಎರಡು ಕೆಲಸ ಇರುತ್ತದೆ, ಒಂದು ಗುಂಪನ್ನು ಕೆರಳಿಸುವುದು, ಇನ್ನೊಂದು ಗುರಿಯಾದವರಿಗೆ "ನಿಮಗೆ ಇಲ್ಲಿ ಯಾರೂ ಇಲ್ಲ" ಅಂತ ಹೇಳುವುದು. ಮೊದಲನೆಯದನ್ನು ತಡೆಯಲು ನಿಮ್ಮಿಂದ ಆಗುತ್ತದೋ ಇಲ್ಲವೋ. ಎರಡನೆಯದನ್ನು ಒಂದು ಫೋನಿನಿಂದ ಸುಳ್ಳು ಮಾಡಬಹುದು.

ಏನು ಹೇಳಬೇಕು? ಜಾಸ್ತಿ ಏನೂ ಬೇಡ. "ಅವನು ಹೇಳಿದ್ದು ಕೇಳಿದೆ. ನಿನ್ನ ನೆನಪಾಯಿತು. ಹೇಗಿದ್ದೀಯಾ?" ಇಷ್ಟು ಸಾಕು. ಅದನ್ನು ಬಿಟ್ಟು "ಎಲ್ಲರೂ ಹಾಗಿಲ್ಲ" ಅನ್ನಬೇಡಿ, "ತಲೆ ಕೆಡಿಸ್ಕೊಬೇಡ" ಅನ್ನಬೇಡಿ, ಆ ವಿಡಿಯೊ ಕಳಿಸಬೇಡಿ. ಏನು ಬೇಕು ಅಂತ ಕೇಳಿ. ಒಬ್ಬರಿಗೆ ನಾಳೆ ಮಕ್ಕಳನ್ನು ಶಾಲೆಗೆ ಬಿಡಲು ಜೊತೆ ಬೇಕಿರಬಹುದು. ಇನ್ನೊಬ್ಬರಿಗೆ ಈ ವಿಷಯವೇ ಬೇಡ, ಬೇರೆ ಏನಾದರೂ ಮಾತಾಡೋಣ ಅನಿಸಿರಬಹುದು. ಅವರು ಹೇಳಿದ್ದನ್ನು ಮಾಡಿ. ಅವರ ಹೆಸರಿನಲ್ಲಿ ಹೋರಾಟ ಶುರು ಮಾಡುವ ಮುಂಚೆ ಅವರನ್ನು ಕೇಳಿ.

ಹೆಜ್ಜೆ 6: ದಾಖಲೆ ಇಡಿ, ದೂರು ಕೊಡಿ

ಇದು ಬೇಸರದ ಕೆಲಸ, ಆದರೆ ತುಂಬ ಉಪಯೋಗದ ಕೆಲಸ. ಸ್ಕ್ರೀನ್‌ಶಾಟ್ ತೆಗೆಯಿರಿ, ಅದರಲ್ಲಿ ದಿನ, ಸಮಯ, ಖಾತೆಯ ಹೆಸರು ಕಾಣಬೇಕು. ಕೊಂಡಿಯನ್ನು ಬೇರೆ ಬರೆದಿಡಿ. ವಿಡಿಯೊ ಆದರೆ ಎಷ್ಟನೇ ನಿಮಿಷದಲ್ಲಿ ಆ ಮಾತು ಬರುತ್ತದೆ ಅಂತ ಗುರುತು ಮಾಡಿ, ಹಿಂದೆ ಮುಂದೆ ಏನು ಹೇಳಿದ್ದಾರೆ ಅನ್ನುವುದನ್ನೂ ಪೂರ್ತಿ ಕೇಳಿ. ಕತ್ತರಿಸಿದ ತುಣುಕು ನಂಬಿ ದೂರು ಕೊಟ್ಟು, ಆಮೇಲೆ ಪೂರ್ತಿ ಮಾತು ಬೇರೆಯೇ ಇತ್ತು ಅಂತಾದರೆ ನಿಮ್ಮ ಮುಂದಿನ ಹತ್ತು ದೂರುಗಳು ಸತ್ತಂತೆ.

ದೂರಿನಲ್ಲಿ ವಿಶೇಷಣ ಬೇಡ. "ನೀಚ, ಅಮಾನುಷ ಭಾಷಣ" ಅಂತ ಬರೆಯುವ ಬದಲು ಆ ವಾಕ್ಯವನ್ನು ಇದ್ದ ಹಾಗೆ ಬರೆಯಿರಿ. ಯಾರ ವಿರುದ್ಧ, ಏನು ಮಾಡಲು ಕರೆ ಕೊಟ್ಟರು, ಕೇಳಿದವರು ಯಾರು, ಅಲ್ಲಿ ಈಗ ಪರಿಸ್ಥಿತಿ ಹೇಗಿದೆ, ಅಷ್ಟು ಸಾಕು. ವೇದಿಕೆ ಕೊಟ್ಟ ಸಂಸ್ಥೆಗೆ, ಆ ಖಾತೆ ಇರುವ ಕಂಪನಿಗೆ, ಅಗತ್ಯ ಇದ್ದರೆ ಪೊಲೀಸರಿಗೆ, ಬೇರೆ ಬೇರೆಯಾಗಿ ಕಳಿಸಿ, ನಕಲು ಇಟ್ಟುಕೊಳ್ಳಿ. ದ್ವೇಷದ ಮೂಲಕ ಹಿಂಸೆಗೆ ಕರೆ ಕೊಡುವುದನ್ನು ಕಾನೂನು ತಡೆಯಬೇಕು ಅಂತ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 20ನೇ ವಿಧಿಯೇ ಹೇಳುತ್ತದೆ. ನೀವು ಕೇಳುತ್ತಿರುವುದು ಯಾರ ಉಪಕಾರವನ್ನೂ ಅಲ್ಲ.

ಆ ವಿಡಿಯೊವನ್ನು ಮಾತ್ರ "ನೋಡಿ ಹೇಗೆ ಮಾತಾಡಿದ್ದಾನೆ" ಅಂತ ಹಂಚಬೇಡಿ. ಅವನಿಗೆ ಬೇಕಾದದ್ದು ಅದೇ.

ಹೆಜ್ಜೆ 7: ಉತ್ತರ ಬರೆಯುವಾಗ ಯಾರಿಗೆ ಬರೆಯುತ್ತಿದ್ದೀರಿ ಅಂತ ತಿಳಿದಿರಲಿ

ಮಾತಾಡಿದವನು ಬದಲಾಗುತ್ತಾನೆ ಅಂತ ನಿರೀಕ್ಷೆ ಇಟ್ಟುಕೊಂಡರೆ ಎರಡೇ ದಿನದಲ್ಲಿ ಸುಸ್ತಾಗುತ್ತೀರಿ. ನಿಮ್ಮ ಓದುಗರು ಬೇರೆಯವರು. ಚಪ್ಪಾಳೆ ತಟ್ಟಲೋ ಬೇಡವೋ ಅಂತ ಅಕ್ಕಪಕ್ಕ ನೋಡಿದರಲ್ಲ, ಅವರು. ಕಾಮೆಂಟ್ ಓದಿ ಏನೂ ಬರೆಯದೆ ಹೋಗುವವರು.

ನಾನು ಅಂದು ಬರೆದದ್ದು "ಇಂಥವನ ನಾಲಿಗೆ ಕಿತ್ತು ಹಾಕಬೇಕು." ಈಗಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಾನು ಆ ಸಭೆಯಲ್ಲಿದ್ದೆ. ಮನುಷ್ಯರನ್ನು ಹುಳುಗಳ ಹಾಗೆ ಹೊಸಕಬೇಕು ಅಂತ ವೇದಿಕೆಯಿಂದ ಹೇಳಿದರು. ನನ್ನ ಪಕ್ಕದಲ್ಲಿ ನಿಂತ ಗೆಳೆಯ ಆ ಮನುಷ್ಯರಲ್ಲಿ ಒಬ್ಬ. ನಿಮ್ಮಲ್ಲಿ ತುಂಬ ಜನರಿಗೆ ಈ ಮಾತು ಸರಿ ಅನಿಸಿಲ್ಲ ಅಂತ ನನಗೆ ಗೊತ್ತು. ಹಾಗಿದ್ದರೆ ಹೇಳಿ. ಸಭೆ ನಡೆಸಿದವರು ಇದನ್ನು ಒಪ್ಪುತ್ತಾರಾ ಅಂತ ಕೇಳೋಣ."

ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಸಿಟ್ಟು ಕಡಿಮೆ ಆಗಿಲ್ಲ. ನಡೆದದ್ದು ಏನು ಅಂತ ಇದೆ, ನೋವು ಯಾರಿಗೆ ಅಂತ ಇದೆ, ಓದಿದವರು ಏನು ಮಾಡಬಹುದು ಅಂತ ಇದೆ. "ದಿನ ಹೇಳಿ, ನಾನೂ ಬರ್ತೀನಿ" ಅಂದವನಿಗೂ ಇಲ್ಲಿ ಮಾಡಲು ಒಂದು ಕೆಲಸ ಸಿಗುತ್ತದೆ.

ಸುಳ್ಳನ್ನು ತಿದ್ದುವುದಾದರೆ ಸುಳ್ಳಿನಿಂದ ಶುರು ಮಾಡಬೇಡಿ. ನಿಜ ಮೊದಲು ಬರಲಿ, ಸುಳ್ಳು ಒಂದೇ ಸಲ ನಡುವೆ ಬರಲಿ, ಮತ್ತೆ ನಿಜದಿಂದ ಮುಗಿಸಿ. ಒಂದು ಜಾಗದಲ್ಲಿ ಎರಡು ಉತ್ತರ ಕೊಟ್ಟ ಮೇಲೆ ಸಾಕು ಮಾಡಿ, ಮೂರನೆಯದರಿಂದ ಅದು ಜಗಳ ಆಗುತ್ತದೆ, ನೋಡುವವರು ಎದ್ದು ಹೋಗುತ್ತಾರೆ.

ಒಬ್ಬರೇ ಬರೆಯಬೇಡಿ. ಸ್ವೀಡನ್‌ನಲ್ಲಿ 2016ರಲ್ಲಿ "ನಾನಿಲ್ಲಿದ್ದೇನೆ" ಅನ್ನುವ ಅರ್ಥದ ಹೆಸರಿನ ಒಂದು ಫೇಸ್‌ಬುಕ್ ಗುಂಪು ಶುರುವಾಯಿತು, ಅದೇ ವರ್ಷ ಜರ್ಮನಿಗೂ ಹರಡಿತು. ದ್ವೇಷ ತುಂಬಿದ ಕಾಮೆಂಟುಗಳ ನಡುವೆ ಅವರು ಒಟ್ಟಿಗೆ ಹೋಗಿ ಶಾಂತವಾಗಿ, ವಿಷಯಕ್ಕೆ ಅಂಟಿಕೊಂಡು ಬರೆಯುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಲೈಕ್ ಒತ್ತುತ್ತಾರೆ. ಹಾಗೆ ಮಾಡಿದಾಗ ಆ ಮಾತುಗಳು ಮೇಲೆ ಬರುತ್ತವೆ, ಆಮೇಲೆ ಬಂದವರಿಗೆ ಮೊದಲು ಕಾಣುವುದು ಅವೇ. ನಾಲ್ಕು ಗೆಳೆಯರು ಇದ್ದರೂ ಇದನ್ನು ಮಾಡಬಹುದು.

ಹೆಜ್ಜೆ 8: ಬೀದಿಗಿಳಿಯಬೇಕಾದರೆ

ಹಿಂಸೆಯ ಮಾತಿನ ಸಭೆಯ ಎದುರೇ ಹೋಗಿ ಘೋಷಣೆ ಕೂಗಬೇಕು ಅಂತಿಲ್ಲ. ಜರ್ಮನಿಯ ವುನ್ಸೀಡೆಲ್ ಎಂಬ ಚಿಕ್ಕ ಊರಿಗೆ, ಹಿಟ್ಲರನ ಸಿದ್ಧಾಂತವನ್ನು ಇನ್ನೂ ನಂಬುವ ನವ ನಾಜಿಗಳು ವರ್ಷ ವರ್ಷ ಮೆರವಣಿಗೆ ಬರುತ್ತಿದ್ದರು. 2014ರ ನವೆಂಬರ್‌ನಲ್ಲಿ ಊರಿನವರು ಒಂದು ಉಪಾಯ ಮಾಡಿದರು: ಅವರು ನಡೆಯುವ ಪ್ರತಿ ಮೀಟರಿಗೆ 10 ಯೂರೊ, ನಾಜಿ ಗುಂಪುಗಳನ್ನು ಬಿಟ್ಟು ಬರುವವರಿಗೆ ನೆರವಾಗುವ ಸಂಸ್ಥೆಗೆ ದಾನ. ರಸ್ತೆಯ ಮೇಲೆ ಗುರುತು ಹಾಕಿ, ಬ್ಯಾನರ್ ಕಟ್ಟಿ, ಕೊನೆಗೆ ಧನ್ಯವಾದವನ್ನೂ ಹೇಳಿದರು. 10,000 ಯೂರೊ ಸೇರಿತು. ನಡೆದವರು ತಮ್ಮ ವಿರುದ್ಧವೇ ಹಣ ಎತ್ತಿದ ಹಾಗಾಯಿತು. ಯಾರ ಮೈಯೂ ಮುಟ್ಟಲಿಲ್ಲ.

ಮೌನಕ್ಕೂ ದೊಡ್ಡ ಶಕ್ತಿ ಇದೆ. 1960ರ ಏಪ್ರಿಲ್ 19ರ ಬೆಳಗ್ಗೆ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲರ ಮನೆಗೆ ಬಾಂಬ್ ಹಾಕಿದರು. ಅದೇ ದಿನ ಸಾವಿರಾರು ಜನ ಒಂದು ಮಾತೂ ಆಡದೆ ನಗರಸಭೆಯವರೆಗೆ ನಡೆದರು. ಅಲ್ಲಿ ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೇಯರ್‌ಗೆ ನೇರ ಪ್ರಶ್ನೆ ಕೇಳಿದಳು: ಬಣ್ಣ ನೋಡಿ ಮನುಷ್ಯರನ್ನು ಬೇರೆ ಮಾಡುವುದು ತಪ್ಪು ಅಂತ ನಿಮಗೆ ಅನಿಸುತ್ತದೆಯೇ? ಅನಿಸುತ್ತದೆ ಅಂತ ಅವರು ಎಲ್ಲರೆದುರು ಒಪ್ಪಬೇಕಾಯಿತು. ಮೇ 10ರಂದು ಆ ಅಂಗಡಿಗಳು ಎಲ್ಲರಿಗೂ ಊಟ ಕೊಡಲು ಶುರು ಮಾಡಿದವು. ಬೈಗುಳದ ಜಾಗದಲ್ಲಿ ಒಂದು ಒಳ್ಳೆಯ ಪ್ರಶ್ನೆ ಎಷ್ಟು ಕೆಲಸ ಮಾಡುತ್ತದೆ ನೋಡಿ.

ತಯಾರಿ ಇಲ್ಲದೆ ಜನ ಸೇರಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1922ರ ಫೆಬ್ರವರಿ 4ರಂದು ಚೌರಿಚೌರಾದಲ್ಲಿ ಪೊಲೀಸರು ಗುಂಡು ಹಾರಿಸಿದ ಮೇಲೆ ಕೆರಳಿದ ಗುಂಪು ಠಾಣೆಗೆ ಬೆಂಕಿ ಇಟ್ಟಿತು, ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು, ಐದು ದಿನ ಉಪವಾಸ ಮಾಡಿದರು. ಅವರ ಜೊತೆಗಿದ್ದವರಿಗೇ ಅದು ಸರಿ ಅನಿಸಲಿಲ್ಲ. ಆ ವಾದ ಇವತ್ತಿಗೂ ಇದೆ. ನಾನು ಅದರಿಂದ ತೆಗೆದುಕೊಳ್ಳುವುದು ಇಷ್ಟೇ: ಎಷ್ಟು ಜನರನ್ನು ತಯಾರು ಮಾಡಲು ನಿಮ್ಮಿಂದ ಆಗುತ್ತದೋ ಅಷ್ಟೇ ಜನರನ್ನು ಕರೆಯಿರಿ.

ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ. ಹತ್ತು ಹದಿನೈದು ಜನರಿಗೆ ಒಬ್ಬ ಸ್ವಯಂಸೇವಕ ಇರಲಿ, ಬಟ್ಟೆಯ ಗುರುತು ಇರಲಿ. ಹೊರಬರುವ ಎರಡು ದಾರಿ ಗೊತ್ತಿರಲಿ. ಎದುರು ಗುಂಪಿನವರು ಹತ್ತಿರ ಬಂದರೆ ಕೂರಬೇಕೋ, ಹಿಂದೆ ಸರಿಯಬೇಕೋ ಅಂತ ಮೊದಲೇ ನಿಶ್ಚಯ ಆಗಿರಲಿ. ನಿಮ್ಮವರಲ್ಲೇ ಒಬ್ಬರು ತಾಳ್ಮೆ ಕಳೆದುಕೊಂಡರೆ ಇಬ್ಬರು ಅವರ ಅಕ್ಕಪಕ್ಕ ಬಂದು ಮಾತಾಡಿಸುತ್ತಾ ಹೊರಗೆ ಕರೆದುಕೊಂಡು ಹೋಗಲಿ. ಕೋಲು ಇರುವ ಬಾವುಟ ಬೇಡ.

ಇದೆಲ್ಲ ಮಾಡಿ ಏನು ಉಪಯೋಗ ಅಂತ ಕೇಳುವವರು ಇರುತ್ತಾರೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಸಂಶೋಧಕರು 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ ನೋಡಿದರು. ಅಹಿಂಸೆಯ ದಾರಿ ಹಿಡಿದವುಗಳಲ್ಲಿ ಶೇ 53 ಗೆದ್ದವು, ಆಯುಧ ಹಿಡಿದವುಗಳಲ್ಲಿ ಶೇ 26. ಅವು ದೊಡ್ಡ ಚಳವಳಿಗಳ ಲೆಕ್ಕ, ಒಂದು ಭಾಷಣಕ್ಕೆ ಕೊಡುವ ಉತ್ತರದ ಲೆಕ್ಕವಲ್ಲ. ಆದರೂ ಅಹಿಂಸೆ ಕೈಲಾಗದವರ ದಾರಿ ಅನ್ನುವ ಮಾತಿಗೆ ಇದು ಸರಿಯಾದ ಉತ್ತರ.

ನಮ್ಮವರೇ ಹಾಗೆ ಮಾತಾಡಿದರೆ?

ಇದಕ್ಕೆ ಹೆಜ್ಜೆಯ ನಂಬರ್ ಹಾಕಿಲ್ಲ, ಯಾಕೆಂದರೆ ಇದು ಯಾವಾಗ ಬೇಕಾದರೂ ಎದುರಾಗುತ್ತದೆ, ಎಲ್ಲಕ್ಕಿಂತ ಕಷ್ಟವೂ ಇದೇ. ಎದುರಿನವರ ಮಾತಿಗೆ ಸಿಟ್ಟು ಬರುತ್ತದೆ. ನಮ್ಮವರು ಅದೇ ಮಾತು ಆಡಿದಾಗ "ಪಾಪ, ನೋವಿನಲ್ಲಿ ಅಂದಿದ್ದಾರೆ" ಅನಿಸುತ್ತದೆ. ಆದರೆ ಒಂದು ಗುಂಪು ಹೊರಗಿನವರ ಮಾತಿಗಿಂತ ಒಳಗಿನವರ ಮಾತನ್ನು ಜಾಸ್ತಿ ಕೇಳುತ್ತದೆ. ಅಂದರೆ ನಿಮ್ಮ ಮಾತಿಗೆ ನಿಜವಾಗಿ ಬೆಲೆ ಇರುವ ಜಾಗ ನಿಮ್ಮ ಮನೆಯ ಗುಂಪು, ನಿಮ್ಮ ಗೆಳೆಯರ ಗುಂಪು.

ಎಲ್ಲರೆದುರು ಅವಮಾನ ಮಾಡಬೇಡಿ. ಮೊದಲು ಒಬ್ಬರನ್ನೇ ಕರೆದು ಮಾತಾಡಿ. ದೊಡ್ಡಪ್ಪನೋ ಅತ್ತಿಗೆಯೋ ಅಂಥದ್ದೇನಾದರೂ ಕಳಿಸಿದ್ದರೆ ಫೋನ್ ಮಾಡಿ, "ನೀವು ಕಳಿಸಿದ್ದು ನೋಡಿದೆ. ಅದರಲ್ಲಿ ಮನೆ ಸುಡಬೇಕು ಅಂತ ಇದೆ. ನೀವು ಯಾರ ಮನೆಯನ್ನೂ ಸುಡುವವರಲ್ಲ ಅಂತ ನನಗೆ ಗೊತ್ತು, ಅದಕ್ಕೇ ಕೇಳ್ತಿದೀನಿ" ಅನ್ನಿ. ಆಮೇಲೆ ಸುಮ್ನೆ ಇರಿ, ಅವರು ಮಾತಾಡಲಿ. ಹಿಂದೆ ಏನೋ ಒಂದು ಭಯ ಇರುತ್ತದೆ, ಅದನ್ನು ಕೇಳಿಸಿಕೊಳ್ಳಿ. ಅಳಿಸಿದರೆ ಒಳ್ಳೆಯದು. ಅಳಿಸದಿದ್ದರೆ ಗುಂಪಿನಲ್ಲಿ ಒಂದೇ ಸಾಲು ಬರೆಯಿರಿ: "ಇದನ್ನು ನಾನು ಒಪ್ಪುವುದಿಲ್ಲ." ಉಳಿದವರಲ್ಲಿ ಇಬ್ಬರಿಗಾದರೂ ಉಸಿರು ಬಂದ ಹಾಗಾಗುತ್ತದೆ.

ನಿಮ್ಮ ಮೇಲೇ ಕೈ ಮಾಡಿದರೆ?

ತಪ್ಪಿಸಿಕೊಳ್ಳಿ. ತಲೆ ಮುಖ ಕಾಪಾಡಿಕೊಳ್ಳಿ, ಕೂಗಿ ಜನರನ್ನು ಕರೆಯಿರಿ, ಓಡಿ. ಪೆಟ್ಟು ತಿನ್ನುತ್ತಾ ನಿಲ್ಲಬೇಕು ಅಂತ ಈ ಚೀಟಿ ಹೇಳುವುದಿಲ್ಲ, ಬೇರೆಯವರಿಗೆ ಹಾಗೆ ಹೇಳುವ ಹಕ್ಕು ನನಗಂತೂ ಇಲ್ಲ. 1962ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಭೆಯೊಂದರಲ್ಲಿ ಅಮೆರಿಕದ ನಾಜಿ ಪಕ್ಷದ ಒಬ್ಬ ಯುವಕ ವೇದಿಕೆಗೆ ಬಂದು ಕಿಂಗ್ ಅವರ ಮುಖಕ್ಕೆ ಹೊಡೆದ. ಅವರು ಕೈ ಕೆಳಗೆ ಬಿಟ್ಟು ನಿಂತರು, ಅವನಿಗೆ ಏನೂ ಮಾಡಬೇಡಿ ಅಂದರು. ಅದು ವರ್ಷಗಳ ಸಾಧನೆ. ನಮ್ಮಿಂದ ಆಗುವುದು ಹಿಂದೆ ಸರಿಯುವುದು, ಆಮೇಲೆ ಸೇಡಿನ ಗುಂಪು ಕಟ್ಟದೆ ದೂರು ಕೊಡುವುದು. ಅಷ್ಟಾದರೂ ಮಾತು ಉಳಿಸಿಕೊಂಡ ಹಾಗೆಯೇ.

ಹೆಜ್ಜೆ 9: ತಪ್ಪಿದಾಗ

ತಪ್ಪುತ್ತೀರಿ. ನಾನೂ ಚೀಟಿ ಬರೆದ ಮೇಲೆ ಎರಡು ಸಲ ತಪ್ಪಿದ್ದೇನೆ. ಬರೆದದ್ದನ್ನು ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ. ಅದೇ ಜಾಗದಲ್ಲಿ ಬರೆಯಿರಿ: "ನಿನ್ನೆ ಇಲ್ಲಿ ಒಬ್ಬರಿಗೆ ಕೇಡು ಬಯಸಿ ಬರೆದಿದ್ದೆ. ಅದು ತಪ್ಪು. ತೆಗೆದಿದ್ದೇನೆ. ಅವರು ಆಡಿದ ಮಾತನ್ನು ಈಗಲೂ ವಿರೋಧಿಸುತ್ತೇನೆ." "ಆದರೆ" ಅನ್ನುವ ಪದ ಬರಬಾರದು. ಆಮೇಲೆ ಚೀಟಿ ಇಟ್ಟುಕೊಂಡವರಿಗೆ ಫೋನ್ ಮಾಡಿ, ಯಾವ ಗಳಿಗೆಯಲ್ಲಿ ಜಾರಿತು ಅಂತ ಒಟ್ಟಿಗೆ ನೋಡಿ, ಬೇಕಿದ್ದರೆ ಚೀಟಿಗೆ ಒಂದು ಸಾಲು ಸೇರಿಸಿ. ನನ್ನದಕ್ಕೆ ಸೇರಿದ ಸಾಲು ಇದು: ರಾತ್ರಿ ಹತ್ತರ ಮೇಲೆ ಇಂಥ ವಿಷಯಕ್ಕೆ ಉತ್ತರ ಬರೆಯುವುದಿಲ್ಲ.

ಆರು ತಿಂಗಳಿಗೊಮ್ಮೆ ಚೀಟಿ ತೆಗೆದು ಓದಿ, ದಿನಾಂಕ ಹಾಕಿ ಮತ್ತೆ ಸಹಿ ಮಾಡಿ. ನನ್ನ ಚೀಟಿಯನ್ನು ಇಟ್ಟುಕೊಂಡಿರುವುದು ಆ ಸಭೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳೆಯನೇ. ಕಳೆದ ಸಲ ಮತ್ತೆ ಸಹಿ ಹಾಕಲು ಹೋದಾಗ ಅವನು ತನ್ನದೂ ಒಂದು ಬರೆದು ನನ್ನ ಕೈಗೆ ಕೊಟ್ಟ. ಅದರ ಮೊದಲ ಸಾಲು: "ಅಂಥ ಮಾತು ಕೇಳಿದ ದಿನ ಒಬ್ಬನೇ ಮನೆಗೆ ಹೋಗುವುದಿಲ್ಲ. ಇವನಿಗೆ ಫೋನ್ ಮಾಡುತ್ತೇನೆ."